ಸೂರ್ಯನ ಪಾಠ ನೆರಳಿನಿಂದ ಶುರು ಮಾಡಿ

ನಮ್ಮ ಶಾಲೆಗಳಲ್ಲಿ ಸೂರ್ಯನ ಬಗ್ಗೆ ಎರಡು ಬೇರೆ ಬೇರೆ ದಿನ ಎರಡು ಬೇರೆ ಬೇರೆ ಮಾತು ನಡೆಯುತ್ತವೆ. ಒಂದು ದಿನ ಬೋರ್ಡ್ ಮೇಲೆ ಚಿತ್ರ ಬರೆದು, ಸೂರ್ಯ ಒಂದು ನಕ್ಷತ್ರ, ಇಷ್ಟು ದೂರ, ಇಷ್ಟು ಬಿಸಿ ಅಂತ ಬರೆಸುತ್ತೇವೆ. ಇನ್ನೊಂದು ದಿನ, ಮಾರ್ಚ್ ತಿಂಗಳಲ್ಲಿ ಯಾರಾದರೂ ಒಂದು ಮಗು ಆಟದ ಪಿರಿಯಡ್‌ನಲ್ಲಿ ತಲೆಸುತ್ತಿ ಕೂತ ಮೇಲೆ, ಬಿಸಿಲಿಗೆ ಹೋಗಬೇಡಿ ಅಂತ ಎಚ್ಚರಿಸುತ್ತೇವೆ. ಮಕ್ಕಳ ತಲೆಯಲ್ಲಿ ಈ ಎರಡೂ ಒಂದಕ್ಕೊಂದು ಸೇರುವುದೇ ಇಲ್ಲ. ಸೇರಿಸುವುದು ಕಷ್ಟವೇನಲ್ಲ. ಒಂದು ಕೋಲು, ಒಂದು ಟೇಪು, ಶಾಲೆಯ ಅಂಗಳ ಇಷ್ಟಿದ್ದರೆ ಸಾಕು. ಸೂರ್ಯ ಆಕಾಶದಲ್ಲಿ ಎಲ್ಲಿದ್ದಾನೆ ಅಂತ ಹೇಳುವುದೂ ನೆರಳೇ, ಬಿಸಿಲು ಈಗ ಎಷ್ಟು ಕಟು ಅಂತ ಹೇಳುವುದೂ ನೆರಳೇ.

ಇದನ್ನು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ. ಹಾಗಾಗಿ ಇಲ್ಲಿರುವ ಸಮಯ, ಅಳತೆ, ತಾರೀಕು ಎಲ್ಲ ನಮ್ಮೂರ ಬಿಸಿಲಿನವು. 5ನೇ ತರಗತಿಯಿಂದ 10ನೇ ತರಗತಿವರೆಗೆ ಯಾರಿಗೆ ಬೇಕಾದರೂ ಮಾಡಿಸಬಹುದು. ಚಿಕ್ಕವರಿಗೆ ಲೆಕ್ಕ ಬಿಟ್ಟುಬಿಡಿ, ಆದರೆ ಅಳೆಯುವುದನ್ನು ಮಾತ್ರ ಬಿಡಬೇಡಿ.

ಮೊದಲು ಕೋಲು ನೆಡಿ

ಒಂದು ಮೀಟರ್ ಉದ್ದದ ನೇರ ಕೋಲು ತಗೊಳ್ಳಿ. ಮಣ್ಣು ತುಂಬಿದ ಡಬ್ಬಿಯಲ್ಲಿ ನೆಟ್ಟು, ಅಂಗಳದಲ್ಲಿ ಸಮತಟ್ಟಾದ ಜಾಗದಲ್ಲಿ ಇಡಿ. ನೆಲದಿಂದ ತುದಿಗೆ ಸರಿಯಾಗಿ ಒಂದು ಮೀಟರ್ ಇರಬೇಕು. ಕೋಲು ಓರೆಯಾಗಿದ್ದರೆ ಎಲ್ಲ ಅಳತೆಯೂ ಕೆಡುತ್ತದೆ, ಅದಕ್ಕೇ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ. ಗೌಂಡಿಗಳು ಗೋಡೆ ಕಟ್ಟುವಾಗ ಹೀಗೇ ನೋಡುತ್ತಾರೆ ಅಂತ ಹೇಳಿದರೆ, ಅಪ್ಪ ಗೌಂಡಿ ಕೆಲಸ ಮಾಡುವ ಮಗು ಎದ್ದು ಬಂದು ತಾನೇ ಸರಿಮಾಡುತ್ತದೆ.

ಬೆಳಿಗ್ಗೆ 10ಕ್ಕೆ ಶುರು ಮಾಡಿ, ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಟ್ಟು ಪಕ್ಕದಲ್ಲಿ ಸಮಯ ಬರೆಯಿರಿ. 12ರಿಂದ 1ರವರೆಗೆ ಐದು ನಿಮಿಷಕ್ಕೊಮ್ಮೆ ಚುಕ್ಕೆ ಬೇಕು. ಇಡೀ ತರಗತಿಯನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ಇಬ್ಬಿಬ್ಬರು ಪಾಳಿಯಲ್ಲಿ ಹೋಗಿ ಗುರುತು ಹಾಕಿ ಬರಲಿ, ಉಳಿದವರು ವರಾಂಡದಲ್ಲಿ ಇರಲಿ. ಸುರಕ್ಷತೆಯ ಮೊದಲ ಪಾಠ ಅಲ್ಲೇ ಆಯಿತು, ಬಾಯಲ್ಲಿ ಹೇಳದೆ.

ಅಳೆಯುವ ಮೊದಲು ಒಂದು ಪ್ರಶ್ನೆ ಕೇಳಿ: ನೆರಳು ಎಷ್ಟು ಗಂಟೆಗೆ ಎಲ್ಲಕ್ಕಿಂತ ಗಿಡ್ಡ ಇರುತ್ತದೆ? ಎಲ್ಲರೂ 12 ಗಂಟೆ ಅಂತಾರೆ. ಉತ್ತರವನ್ನು ಬೋರ್ಡ್ ಮೇಲೆ ಬರೆದಿಟ್ಟು ಸುಮ್ನೆ ಬಿಡಿ. ಹುಬ್ಬಳ್ಳಿಯಲ್ಲಿ ಅದು ಸರಾಸರಿ 12 ಗಂಟೆ 30 ನಿಮಿಷಕ್ಕೆ ಬರುತ್ತದೆ. ಕಾರಣ ಗಡಿಯಾರದಲ್ಲಿದೆ. ದೇಶದ ಗಡಿಯಾರವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಹುಬ್ಬಳ್ಳಿ ಇರುವುದು 75.1 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. 7.4 ಡಿಗ್ರಿಗೆ ಹತ್ತಿರ ಹತ್ತಿರ 30 ನಿಮಿಷ. ಗದಗ ಸ್ವಲ್ಪ ಪೂರ್ವಕ್ಕಿದೆ, ಅಲ್ಲಿ ಎರಡು ನಿಮಿಷ ಮೊದಲೇ ಮಧ್ಯಾಹ್ನ. ಇನ್ನೂ ಒಂದು ವಿಷಯ ಇದೆ, ದೊಡ್ಡ ತರಗತಿಯವರಿಗೆ ಹೇಳಬಹುದು: ವರ್ಷವಿಡೀ ಇದೇ ಸಮಯ ಇರುವುದಿಲ್ಲ. ಭೂಮಿಯ ಓರೆ ಮತ್ತು ಅದರ ದೀರ್ಘವೃತ್ತದ ದಾರಿಯಿಂದಾಗಿ, ಫೆಬ್ರವರಿ ನಡುವಿನಲ್ಲಿ ನಮ್ಮ ನಿಜವಾದ ಮಧ್ಯಾಹ್ನ 12:44ರವರೆಗೂ ಹೋಗುತ್ತದೆ, ನವೆಂಬರ್ ಮೊದಲ ವಾರ 12:14ರ ಹತ್ತಿರಕ್ಕೆ ಬರುತ್ತದೆ.

ಕೋಲಿನ ಬುಡದಿಂದ ಅತಿ ಗಿಡ್ಡ ನೆರಳಿನ ತುದಿಗೆ ಗೆರೆ ಎಳೆದರೆ ಅದೇ ಸರಿಯಾದ ಉತ್ತರ-ದಕ್ಷಿಣ. ಆ ಗೆರೆಯನ್ನು ಪೇಂಟ್‌ನಿಂದ ಶಾಶ್ವತ ಮಾಡಿಬಿಡಿ. ಮುಂದಿನ ವರ್ಷದ ಮಕ್ಕಳಿಗೂ ಬೇಕಾಗುತ್ತದೆ.

ನೆರಳು ದಕ್ಷಿಣಕ್ಕೂ ಬೀಳುತ್ತದೆ

ಒಂದೇ ದಿನ ಅಳೆದು ನಿಲ್ಲಿಸಬೇಡಿ, ಇದು ವರ್ಷದ ಪಾಠ. ತಿಂಗಳಿಗೊಮ್ಮೆ, ಬಿಸಿಲಿದ್ದ ಯಾವುದಾದರೂ ದಿನ, ಮಧ್ಯಾಹ್ನದ ಒಂದು ಅಳತೆ ಸಾಕು. ಒಂದು ಮೀಟರ್ ಕೋಲಿಗೆ ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಸಿಗುವ ಅಳತೆ ಹೀಗಿದೆ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನದ ನೆರಳು 80 ಸೆಂಟಿಮೀಟರ್, ಉತ್ತರಕ್ಕೆ. ಮಾರ್ಚ್ 21ಕ್ಕೆ ಅದು ಇಳಿದು 27-28 ಸೆಂಟಿಮೀಟರ್. ಮೇ ಮೊದಲ ಎರಡು-ಮೂರು ದಿನಗಳಲ್ಲಿ ನೆರಳೇ ಇಲ್ಲ, ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಆಮೇಲೆ ಜೂನ್ 21ಕ್ಕೆ 14 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ!

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಸೂರ್ಯ ಯಾವಾಗಲೂ ನಮ್ಮ ದಕ್ಷಿಣಕ್ಕೇ ಇರುತ್ತಾನೆ ಅಂತ ಅಂದುಕೊಂಡ ದೊಡ್ಡವರೂ ಎಷ್ಟೋ ಜನ ಇದ್ದಾರೆ. ಮೇ ಆರಂಭದಿಂದ ಆಗಸ್ಟ್ 10ರವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಯಿಂದ ಒಳಗೆ ಬಿಸಿಲು ಬೀಳುವ ತಿಂಗಳುಗಳು ಇವೇ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮೋಡ ಸರಿದ ಒಂದು ಮಧ್ಯಾಹ್ನ ಸಿಕ್ಕರೆ ಬಿಡಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ನೆರಳಿಲ್ಲದ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗಕ್ಕೆ ಮೇ 2-3 ಮತ್ತು ಆಗಸ್ಟ್ 10-11ರ ಸುಮಾರು. ಹಾವೇರಿ ಸ್ವಲ್ಪ ದಕ್ಷಿಣಕ್ಕಿರುವುದರಿಂದ ಅಲ್ಲಿ ಏಪ್ರಿಲ್ 30ರ ಸುಮಾರು ಒಮ್ಮೆ, ಆಗಸ್ಟ್ 12-13ರ ಸುಮಾರು ಇನ್ನೊಮ್ಮೆ. ಮೇ ತಿಂಗಳಲ್ಲಿ ರಜೆ, ಆಗಸ್ಟ್‌ನಲ್ಲಿ ಮೋಡ, ಇದೊಂದು ತೊಂದರೆ ಇದೆ. ನನ್ನ ಸಲಹೆ ಏನೆಂದರೆ, ರಜೆಗೆ ಹೋಗುವ ಮೊದಲೇ ಮಕ್ಕಳಿಗೆ ತಾರೀಕು ಬರೆಸಿ ಕಳಿಸಿ. ಮನೆ ಅಂಗಳದಲ್ಲಿ ಒಂದು ನೇರ ಬಾಟಲಿ ಇಟ್ಟು 12:20ರಿಂದ 12:35ರವರೆಗೆ ನೋಡಿದರೆ ಸಾಕು. ಅಜ್ಜನ ಊರು ಬೆಳಗಾವಿ ಕಡೆಯೋ ದಾವಣಗೆರೆ ಕಡೆಯೋ ಇದ್ದರೆ ದಿನ ಬದಲಾಗುತ್ತದೆ, ಬೆಂಗಳೂರಿನಲ್ಲಿ ಏಪ್ರಿಲ್ 24-25ಕ್ಕೇ ಬಂದುಹೋಗಿರುತ್ತದೆ. ದೆಹಲಿಯ ಮಕ್ಕಳಿಗೆ ಈ ದಿನ ಎಂದೂ ಬರುವುದಿಲ್ಲ, ಅವರು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇದ್ದಾರೆ. ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ. ಅವರ ತಲೆ ಮೇಲೇ ನಡೆಯುವ ಸಂಗತಿ ಅದು, ಅಲ್ವಾ?

ಇದೇ ಅಳತೆಯ ಪಟ್ಟಿ ಸಂಕ್ರಾಂತಿ ಹಬ್ಬದ ಹೊತ್ತಿಗೆ ಇನ್ನೊಂದು ಕೆಲಸಕ್ಕೆ ಬರುತ್ತದೆ. ಜನವರಿ 14-15ಕ್ಕೆ ಉತ್ತರಾಯಣ ಶುರು ಅಂತ ಮನೆಯಲ್ಲಿ ಹೇಳುತ್ತಾರೆ. ಕೋಲು ಮಾತ್ರ ಡಿಸೆಂಬರ್ 21-22ರಿಂದಲೇ ನೆರಳು ಗಿಡ್ಡ ಆಗುತ್ತಿದೆ ಅಂತ ತೋರಿಸುತ್ತದೆ. ಹಬ್ಬ ತಪ್ಪು ಅಂತ ಹೇಳಬೇಡಿ, ಹೇಳುವ ಅಗತ್ಯವೂ ಇಲ್ಲ. ಪಂಚಾಂಗ ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನನ್ನು ಎಣಿಸುತ್ತದೆ, ಭೂಮಿಯ ಅಕ್ಷ ಬಹಳ ನಿಧಾನವಾಗಿ ತಿರುಗುತ್ತಾ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ, ಹಾಗಾಗಿ ಎರಡರ ನಡುವೆ ಅಂತರ ಬೆಳೆದಿದೆ. 9-10ನೇ ತರಗತಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಈಗ ಅದೇ ನೆರಳಿನಿಂದ ಎಚ್ಚರಿಕೆ

ಮಕ್ಕಳಿಗೆ ಕಲಿಸಬೇಕಾದ ನಿಯಮ ಒಂದೇ. ನಿನ್ನ ನೆರಳು ನಿನಗಿಂತ ಗಿಡ್ಡ ಇದೆಯಾ? ಹಾಗಿದ್ದರೆ ಬಿಸಿಲು ಕಟು, ತಲೆ ಮುಚ್ಚಿಕೋ ಅಥವಾ ನೆರಳಿಗೆ ಬಾ. ನಿನಗಿಂತ ಉದ್ದ ಇದೆಯಾ? ಆಡು.

ಇದರ ಹಿಂದಿನ ಕಾರಣ ಸರಳ. ಸೂರ್ಯ 45 ಡಿಗ್ರಿಗಿಂತ ಮೇಲೆ ಇದ್ದಾಗ ನೆರಳು ನಮ್ಮ ಎತ್ತರಕ್ಕಿಂತ ಕಡಿಮೆ ಆಗುತ್ತದೆ. ಆಗ ಕಿರಣಗಳು ಗಾಳಿಯಲ್ಲಿ ಕಡಿಮೆ ದಾರಿ ಹಾದು ಬರುತ್ತವೆ, ಓಝೋನ್ ಪದರ ಸೋಸುವುದೂ ಕಡಿಮೆ ಆಗುತ್ತದೆ. ಹಾಗಾಗಿ ಅತಿನೇರಳೆ ಕಿರಣ, ಅಂದರೆ ಯುವಿ, ಜಾಸ್ತಿ ಬರುತ್ತದೆ.

ನಮ್ಮೂರಿಗೆ ಲೆಕ್ಕ ಹಾಕಿ ನೋಡಿ. ಏಪ್ರಿಲ್ ಕೊನೆಗೆ ಬೆಳಿಗ್ಗೆ 9:20ರಿಂದ ಮಧ್ಯಾಹ್ನ 3:30ರವರೆಗೆ ಮಗುವಿನ ನೆರಳು ಮಗುವಿಗಿಂತ ಗಿಡ್ಡ ಇರುತ್ತದೆ. ಮಾರ್ಚ್ 21ಕ್ಕೆ 9:45ರಿಂದ 3:30ರವರೆಗೆ. ಡಿಸೆಂಬರ್‌ನಲ್ಲಿ ಕೂಡ 11ರಿಂದ 2ರವರೆಗೆ ಇದೇ ಕಥೆ. ಅಂದರೆ ನಮ್ಮ ಕಡೆ ಮಧ್ಯಾಹ್ನದ ನೆರಳು ಆಳಿಗಿಂತ ಉದ್ದ ಇರುವ ದಿನ ಇಡೀ ವರ್ಷದಲ್ಲಿ ಒಂದೂ ಇಲ್ಲ. ಚಳಿಗಾಲದ ಕ್ರೀಡಾಕೂಟ, ಜನವರಿ 26ರ ಪರೇಡ್ ತಾಲೀಮು, ಇವಕ್ಕೂ ಈ ಮಾತು ಅನ್ವಯಿಸುತ್ತದೆ. ಧಾರವಾಡದ ತಣ್ಣನೆ ಗಾಳಿಯಲ್ಲಿ ನಿಂತಾಗ ಬಿಸಿಲು ಗೊತ್ತೇ ಆಗುವುದಿಲ್ಲ. ಆದರೆ ಯುವಿಗೆ ತಣ್ಣಗೆ-ಬಿಸಿ ಅಂತ ಇಲ್ಲ. ಚರ್ಮಕ್ಕೆ ಅದರ ಅರಿವೇ ಆಗುವುದಿಲ್ಲ.

ಈ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು, ಇಡೀ ಸುರಕ್ಷತೆಯ ಪಾಠ ಇದರ ಮೇಲೆ ನಿಂತಿದೆ. ಕಣ್ಣಿಗೆ ಕಾಣುವುದು ಬೆಳಕು. ಮೈಗೆ ಬಿಸಿ ಅನ್ನಿಸುವುದರಲ್ಲಿ ಕಾಣದ ಅವಕೆಂಪು ಕಿರಣದ ಪಾಲು ದೊಡ್ಡದು. ಕಾಣದ, ಮೈಗೂ ತಿಳಿಯದ, ಆದರೆ ಚರ್ಮ ಮತ್ತು ಕಣ್ಣಿಗೆ ಏಟು ಕೊಡುವುದು ಯುವಿ. ಯುವಿ ಮಧ್ಯಾಹ್ನ 12:30ಕ್ಕೆ ತುದಿ ಮುಟ್ಟುತ್ತದೆ. ಗಾಳಿಯ ಸೆಕೆ ತುದಿ ಮುಟ್ಟುವುದು 2:30-3 ಗಂಟೆಗೆ, ಯಾಕೆಂದರೆ ನೆಲ ಕಾದು ಗಾಳಿಗೆ ಶಾಖ ಕೊಡಲು ಹೊತ್ತು ಬೇಕು. ಎರಡೂ ಬೇರೆ ಅಪಾಯ, ಎರಡಕ್ಕೂ ಬೇರೆ ಸಮಯ. ತೆಳು ಮೋಡ ಇದ್ದ ದಿನ ಸೆಕೆ ಕಡಿಮೆ ಆಗಬಹುದು, ಆದರೆ ಯುವಿಯ ಬಹುಪಾಲು ಮೋಡ ದಾಟಿ ಬರುತ್ತದೆ.

ದೊಡ್ಡ ತರಗತಿಗೆ ಯುವಿ ಸೂಚ್ಯಂಕ ಪರಿಚಯಿಸಿ. ಫೋನಿನ ಹವಾಮಾನ ಆ್ಯಪ್‌ಗಳಲ್ಲಿ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 3 ಮುಟ್ಟಿದರೆ ರಕ್ಷಣೆ ಬೇಕು, 8ರಿಂದ 10 ಅಂದರೆ ತುಂಬಾ ಜಾಸ್ತಿ, 11 ಮುಟ್ಟಿದರೆ ವಿಪರೀತ. ಮಾರ್ಚ್‌ನಿಂದ ಮೇವರೆಗೆ ಸ್ವಚ್ಛ ಆಕಾಶದ ಮಧ್ಯಾಹ್ನ ನಮ್ಮಲ್ಲಿ 11 ದಾಟುವುದು ಸಾಮಾನ್ಯ. ಒಂದು ವಾರ ಕೋಲಿನ ನೆರಳು ಒಂದು ಕಡೆ, ಫೋನಿನ ಅಂಕಿ ಒಂದು ಕಡೆ ಬರೆದು ಗ್ರಾಫ್ ಹಾಕಿಸಿ. ನೆರಳು ಇಳಿದಂತೆ ಅಂಕಿ ಏರುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಯುವಿ ಕಾಣುವುದಿಲ್ಲ ಅಂದರೆ ನಂಬುವುದು ಹೇಗೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬಣ್ಣದ ಕ್ರಾಫ್ಟ್ ಕಾಗದದ ಮೇಲೆ ಎಲೆ ಅಥವಾ ಒಂದು ಕೀಲಿ ಇಟ್ಟು, ಹಾರದಂತೆ ಕಲ್ಲು ಹೇರಿ, ಮಾಳಿಗೆ ಮೇಲೆ ಒಂದು ವಾರ ಬಿಡಿ. ಎಲೆ ಮುಚ್ಚಿದ ಜಾಗದಲ್ಲಿ ಬಣ್ಣ ಉಳಿದಿರುತ್ತದೆ, ಸುತ್ತ ಮಾಸಿರುತ್ತದೆ. ಇನ್ನೊಂದು ತುಂಡನ್ನು ಬಿಸಿ ಇರುವ ಆದರೆ ಕತ್ತಲೆ ಜಾಗದಲ್ಲಿ, ತಗಡಿನ ಡಬ್ಬಿಯೊಳಗೆ ಅದೇ ಮಾಳಿಗೆ ಮೇಲೇ ಇಡಿ. ಅದು ಮಾಸುವುದಿಲ್ಲ. ಅಂದರೆ ಮಾಸಿದ್ದು ಬಿಸಿಯಿಂದ ಅಲ್ಲ. ಹಾವೇರಿ ಜಿಲ್ಲೆಯ ಮಕ್ಕಳಿಗೆ ಇದನ್ನು ವಿವರಿಸುವುದೂ ಬೇಡ, ಬ್ಯಾಡಗಿ ಮೆಣಸಿನಕಾಯಿ ಅಗತ್ಯಕ್ಕಿಂತ ಜಾಸ್ತಿ ದಿನ ಬಿಸಿಲಿಗೆ ಬಿದ್ದರೆ ಕೆಂಪು ಕಳೆದುಕೊಂಡು ರೇಟು ಬೀಳುತ್ತದೆ ಅಂತ ಮನೆಯಲ್ಲೇ ನೋಡಿರುತ್ತಾರೆ.

ಸೂರ್ಯ ಎಷ್ಟು ದೊಡ್ಡವ, ಎಷ್ಟು ದೂರ

15 ಕೋಟಿ ಕಿಲೋಮೀಟರ್ ಅಂತ ಬರೆಸಿದರೆ ಅದು ಬರೀ ಸೊನ್ನೆಗಳ ಸಾಲು. ಅಂಗಳಕ್ಕೆ ಇಳಿಸಿ. 10 ಸೆಂಟಿಮೀಟರ್ ಅಗಲದ ಒಂದು ಚೆಂಡು ಸೂರ್ಯ ಆದರೆ, ಭೂಮಿ ಒಂದು ಗಸಗಸೆ ಕಾಳು. ಎರಡರ ನಡುವಿನ ದೂರ ಸುಮಾರು 10 ಮೀಟರ್ 75 ಸೆಂಟಿಮೀಟರ್. ಒಂದು ಮಗು ಚೆಂಡು ಹಿಡಿದು ನಿಲ್ಲಲಿ, ಇನ್ನೊಂದು ಮಗು ಬೆರಳ ತುದಿಗೆ ಗಸಗಸೆ ಅಂಟಿಸಿಕೊಂಡು ಟೇಪು ಅಳೆದು ಅಲ್ಲಿ ನಿಲ್ಲಲಿ. ಆ ಕಾಳಿನ ಮೇಲೆ ಹುಬ್ಬಳ್ಳಿ ಎಲ್ಲಿದೆ ಅಂತ ಕೇಳಿ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ.

ಈಗ ಸೂರ್ಯನನ್ನು ನೋಡಲು ಕಳಿಸಿದ ನಮ್ಮ ನೌಕೆ ಆದಿತ್ಯ-ಎಲ್1 ಎಲ್ಲಿ ನಿಲ್ಲಿಸಬೇಕು ಅಂತ ಕೇಳಿ. ಇಸ್ರೋ ಅದನ್ನು 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹಾರಿಸಿತು, 2024ರ ಜನವರಿ 6ರಂದು ಅದು ತನ್ನ ಜಾಗ ಸೇರಿತು. ಸೂರ್ಯನ ಹತ್ತಿರ ಹೋಗಿದೆ ಅಂತ ಬಹಳ ಮಕ್ಕಳು ಅಂದುಕೊಂಡಿರುತ್ತಾರೆ, ಚೆಂಡಿನ ಪಕ್ಕಕ್ಕೆ ಓಡುತ್ತಾರೆ. ಅದು ಇರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಅಂದರೆ ದಾರಿಯ ನೂರರಲ್ಲಿ ಒಂದು ಪಾಲು. ನಮ್ಮ ಅಂಗಳದಲ್ಲಿ ಗಸಗಸೆಯಿಂದ 10-11 ಸೆಂಟಿಮೀಟರ್, ಅರ್ಧ ಗೇಣು ಅಷ್ಟೇ. ಅಲ್ಲಿಂದ ಹಗಲು-ರಾತ್ರಿ ಇಲ್ಲದೆ, ಗ್ರಹಣದ ಅಡ್ಡಿ ಇಲ್ಲದೆ ಸೂರ್ಯನನ್ನು ನೋಡುತ್ತಾ ಇರಬಹುದು. ಅದರಲ್ಲಿರುವ ಏಳು ಉಪಕರಣಗಳಲ್ಲಿ ಸೂಟ್ ಅನ್ನುವ ದೂರದರ್ಶಕ ಸೂರ್ಯನ ಚಿತ್ರ ತೆಗೆಯುವುದು ಯುವಿಯಲ್ಲೇ, 200ರಿಂದ 400 ನ್ಯಾನೋಮೀಟರ್ ನಡುವೆ. ಅದರಲ್ಲಿ ಒಂದು ಪಾಲನ್ನು ಓಝೋನ್ ತಡೆಯುವುದರಿಂದ ನೆಲದ ಮೇಲೆ ನಿಂತು ಅಂಥ ಎಲ್ಲ ಚಿತ್ರ ತೆಗೆಯಲು ಆಗುವುದಿಲ್ಲ. ನಮ್ಮ ಚರ್ಮ ಉಳಿಸುವ ಪದರವೇ ವಿಜ್ಞಾನಿಗಳನ್ನು ಆಕಾಶಕ್ಕೆ ಕಳಿಸಿದೆ, ಈ ಮಾತು ಮಕ್ಕಳಿಗೆ ಬಹಳ ಹಿಡಿಸುತ್ತದೆ. ಆದಿತ್ಯದ ಮುಖ್ಯ ಉಪಕರಣ ವಿಇಎಲ್‌ಸಿ ತಯಾರಾದದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಅಂತಲೂ ಹೇಳಿ.

ಉಳಿದ ಅಂಕಿಗಳನ್ನು ಬೇಗ ಮುಗಿಸಬಹುದು: ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಒಡಲು ಸುಮಾರು ಒಂದೂವರೆ ಕೋಟಿ ಡಿಗ್ರಿ, ವಯಸ್ಸು ಸುಮಾರು 460 ಕೋಟಿ ವರ್ಷ, ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡು. ಉರಿಯುತ್ತಿರುವುದು ಬೆಂಕಿ ಅಲ್ಲ, ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತಿದೆ.

ಮರದಡಿಯ ಸೂರ್ಯಬಿಂಬಗಳು

ಬೇವಿನ ಮರದ ಕೆಳಗೆ ಮಧ್ಯಾಹ್ನ ಬೀಳುವ ದುಂಡು ಬೆಳಕಿನ ಚುಕ್ಕೆಗಳನ್ನು ತೋರಿಸಿ. ಎಲೆಗಳ ನಡುವಿನ ಸಂದಿ ಚೌಕವೋ, ತ್ರಿಕೋನವೋ, ಸೊಟ್ಟವೋ ಇರುತ್ತದೆ, ಆದರೆ ಚುಕ್ಕೆ ದುಂಡಗಿರುತ್ತದೆ. ಯಾಕೆ? ಅವು ಸಂದಿಯ ಆಕಾರವಲ್ಲ, ಒಂದೊಂದೂ ಸೂರ್ಯನ ಚಿತ್ರ. ಇದನ್ನೇ ಮಕ್ಕಳ ಕೈಯಲ್ಲಿ ಮಾಡಿಸಿ. ರಟ್ಟಿನಲ್ಲಿ ಪಿನ್ನಿನಿಂದ ತೂತು ಮಾಡಿ, ಕಿಟಕಿ ಮುಚ್ಚಿದ ಕೋಣೆಯೊಳಗೆ ಬಿಸಿಲು ಬರುವಂತೆ ಹಿಡಿದರೆ, ಎರಡು ಮೀಟರ್ ಆಚೆ ಹಿಡಿದ ಬಿಳಿ ಕಾಗದದ ಮೇಲೆ 18-19 ಮಿಲಿಮೀಟರ್ ಅಗಲದ ದುಂಡು ಬಿಂಬ ಮೂಡುತ್ತದೆ. ಬಿಂಬದ ಅಗಲವನ್ನು ತೂತಿನಿಂದ ಕಾಗದಕ್ಕಿರುವ ದೂರದಿಂದ ಭಾಗಿಸಿ, ಅದನ್ನು 15 ಕೋಟಿಗೆ ಗುಣಿಸಿ. 14 ಲಕ್ಷ ಕಿಲೋಮೀಟರ್ ಹತ್ತಿರ ಬರುತ್ತದೆ, ಅದೇ ಸೂರ್ಯನ ಅಗಲ! ಸರಿಯಾದ ಉತ್ತರ 13.9 ಲಕ್ಷ. 7ನೇ ತರಗತಿಯ ಮಗು ಒಂದು ಪಿನ್ನಿನಿಂದ ಸೂರ್ಯನನ್ನು ಅಳೆದ ಹಾಗಾಯಿತು. ಇಲ್ಲಿ ಬಾಯಿಪಾಠಕ್ಕೆ ಜಾಗವೇ ಇಲ್ಲ.

ಒಂದು ಕಟ್ಟುನಿಟ್ಟು: ತೂತಿನ ಮೂಲಕ ಸೂರ್ಯನನ್ನು ಯಾರೂ ನೋಡಬಾರದು. ಬೆನ್ನು ಸೂರ್ಯನ ಕಡೆ, ಮುಖ ಕಾಗದದ ಕಡೆ. ಶುರು ಮಾಡುವ ಮೊದಲು ಪ್ರತಿಯೊಬ್ಬರ ಬಾಯಿಂದಲೂ ಇದನ್ನು ಹೇಳಿಸಿ.

ಯಾಕೆ ನೋಡಬಾರದು ಅನ್ನುವುದಕ್ಕೆ ಭೂತಗನ್ನಡಿ ಸಾಕು. ಶಿಕ್ಷಕರೇ ಹಿಡಿದು, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು, ಒಣ ಎಲೆಯ ಮೇಲೆ ಬಿಸಿಲನ್ನು ಕೂಡಿಸಿ ತೋರಿಸಿ. ಹೊಗೆ ಏಳುತ್ತದೆ. ಪ್ರತಿಯೊಬ್ಬರ ಕಣ್ಣೊಳಗೂ ಇಂಥದೇ ಒಂದು ಮಸೂರ ಇದೆ, ಅದರ ಹಿಂದೆ ಬಿಂಬ ಬೀಳುವ ಪರದೆ, ಅಕ್ಷಿಪಟಲ ಇದೆ. ಮುಖ್ಯವಾದ ಮಾತು, ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ. ಸುಟ್ಟರೂ ಆಗ ತಿಳಿಯುವುದಿಲ್ಲ. ದೃಷ್ಟಿಯ ನಡುವೆ ಮಸುಕು ಕಾಣಿಸುವುದು ಕೆಲವು ಗಂಟೆ ಕಳೆದ ಮೇಲೆ. ಯಾರು ಜಾಸ್ತಿ ಹೊತ್ತು ಸೂರ್ಯನನ್ನು ನೋಡ್ತಾರೆ ಅಂತ ಮಕ್ಕಳು ಪಂದ್ಯ ಕಟ್ಟುವುದುಂಟು, ಅದಕ್ಕೇ ಈ ಪಾಠವನ್ನು ಯಾವ ಕಾರಣಕ್ಕೂ ಬಿಡಬೇಡಿ.

ಬಿಸಿಲಿನ ದಿನಗಳ ಶಾಲೆ

ಮೊದಲು ವೇಳಾಪಟ್ಟಿ ನೋಡಿ. ಆಟದ ಪಿರಿಯಡ್ ಮಧ್ಯಾಹ್ನ ಊಟದ ಆಸುಪಾಸು ಇದ್ದರೆ ಅದನ್ನು ಬೆಳಿಗ್ಗೆ ಮೊದಲಿಗೋ ಸಂಜೆ ಕೊನೆಗೋ ತಳ್ಳಲು ಮುಖ್ಯ ಶಿಕ್ಷಕರ ಜೊತೆ ಮಾತಾಡಿ. ಮಕ್ಕಳು ಅಳೆದ ನೆರಳಿನ ಪಟ್ಟಿಯನ್ನೇ ಮುಂದಿಡಿ, ಅದಕ್ಕಿಂತ ಒಳ್ಳೆಯ ಅರ್ಜಿ ಇಲ್ಲ. ಪ್ರಾರ್ಥನೆ ಉದ್ದ ಆಗುವ ದಿನ, ಅತಿಥಿಗಳ ಭಾಷಣ ಇರುವ ದಿನ, ಮಕ್ಕಳನ್ನು ಕಟ್ಟಡದ ನೆರಳು ಬೀಳುವ ಕಡೆ ಕೂರಿಸಿ. ವೇದಿಕೆಗೆ ಪೆಂಡಾಲ್, ಮಕ್ಕಳಿಗೆ ಬಿಸಿಲು, ಈ ಪದ್ಧತಿ ನಿಲ್ಲಬೇಕು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಬಟ್ಟೆ ವಿಷಯದಲ್ಲಿ ನಮ್ಮ ಹೊಲದ ಜನರೇ ಗುರುಗಳು. ತಲೆಗೆ ರುಮಾಲು, ಮೈತುಂಬ ಸಡಿಲ ಹತ್ತಿ ಬಟ್ಟೆ, ಹೊತ್ತು ಏರುವ ಮೊದಲು ಹೊಲಕ್ಕೆ ಹೋಗುವುದು, ನಡುಹಗಲು ಮರದ ಕೆಳಗೆ, ಇಳಿಹೊತ್ತಿಗೆ ಮತ್ತೆ ಕೆಲಸ. ಇದನ್ನು ಮಕ್ಕಳೇ ಮನೆಯಲ್ಲಿ ಕೇಳಿ ಬರೆದುಕೊಂಡು ಬರಲಿ. ಗಾಂಧಿ ಟೋಪಿ, ಕ್ರಿಕೆಟ್ ಕ್ಯಾಪು ಕಿವಿ ಮತ್ತು ಕುತ್ತಿಗೆಗೆ ನೆರಳು ಕೊಡುವುದಿಲ್ಲ. ಸುತ್ತಲೂ ಅಂಚಿರುವ ಟೋಪಿ ಅಥವಾ ಒಂದು ಹತ್ತಿ ಟವೆಲ್ ಒಳ್ಳೆಯದು, ಕೊಡೆ ಇನ್ನೂ ಒಳ್ಳೆಯದು. ಸನ್‌ಸ್ಕ್ರೀನ್ ಎಲ್ಲ ಮನೆಯ ಕೈಗೆಟುಕುವ ಬೆಲೆಯದಲ್ಲ, ಅದನ್ನು ಪಾಠದ ಮುಖ್ಯ ಮಾತು ಮಾಡಬೇಡಿ. ನೆರಳು, ಬಟ್ಟೆ, ಹೊತ್ತು, ಇವು ಮೂರೂ ಪುಕ್ಕಟೆ.

ಕಾಲಿನ ಕಡೆಗೂ ನೋಡಿ. ಬರಿಗಾಲಿನ ಮಕ್ಕಳಿಗೆ ಸಿಮೆಂಟ್ ಅಂಗಳ ಮತ್ತು ಕಬ್ಬಿಣದ ಜಾರುಬಂಡಿ ಮಧ್ಯಾಹ್ನ ಸುಡುತ್ತವೆ. ಒಂದು ತಟ್ಟೆಯಲ್ಲಿ ಎರಿ ಮಣ್ಣು, ಇನ್ನೊಂದರಲ್ಲಿ ಬಿಳಿ ಸುಣ್ಣದ ಪುಡಿ, ಮತ್ತೊಂದರಲ್ಲಿ ಹುಲ್ಲು ಹರಡಿ ಒಂದು ಗಂಟೆ ಬಿಸಿಲಿಗಿಟ್ಟು ಥರ್ಮಾಮೀಟರ್ ಹಿಡಿಸಿ. ಸುಣ್ಣ ಶಿಕ್ಷಕರೇ ಹಾಕಲಿ, ಮಕ್ಕಳ ಕಣ್ಣಿಗೆ ಬೀಳಬಾರದು. ಕಪ್ಪು ಮಣ್ಣು ಎಷ್ಟು ಜಾಸ್ತಿ ಕಾದಿದೆ ಅಂತ ನೋಡಿದ ಮೇಲೆ, ತಗಡಿನ ಶೀಟಿನ ಕೋಣೆಗೆ ಮೇಲಿಂದ ಬಿಳಿ ಬಣ್ಣ ಬಳಿದರೆ ಏನಾಗಬಹುದು ಅಂತ ಕೇಳಿ. ಕೆಲವು ಶಾಲೆಗಳಲ್ಲಿ ಈ ಪ್ರಶ್ನೆಯೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಬೇಕು.

ನೀರಿಗೆ ಗಂಟೆ ಬಾರಿಸಿ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಶುರುವಾದ ಪದ್ಧತಿ ಅದು: ದಿನದಲ್ಲಿ ಕೆಲವು ಸಲ ಗಂಟೆ ಬಾರಿಸಿದಾಗ ಎಲ್ಲರೂ ನೀರು ಕುಡಿಯಬೇಕು. ಬಾಯಾರಿಕೆ ಆಗುವವರೆಗೆ ಕಾಯಬಾರದು. ಶೌಚಾಲಯ ಚೆನ್ನಾಗಿಲ್ಲ ಅಂತ ಹೆಣ್ಣುಮಕ್ಕಳು ನೀರೇ ಕುಡಿಯದೆ ಇರುತ್ತಾರೆ, ಇದು ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ವಿಷಯ. ಶೌಚಾಲಯ ಸರಿ ಮಾಡಿಸದೆ ನೀರು ಕುಡಿಯಿರಿ ಅಂತ ಹೇಳಿ ಪ್ರಯೋಜನ ಇಲ್ಲ. ಮಜ್ಜಿಗೆ, ಜೋಳದ ಅಂಬಲಿ ಒಳ್ಳೆಯವು, ಬಣ್ಣದ ಸಕ್ಕರೆ ನೀರಿನ ಪ್ಯಾಕೆಟ್ ಬೇಡ.

ತಲೆಸುತ್ತು, ವಾಕರಿಕೆ, ಮೈತುಂಬ ಬೆವರು, ಕಾಲು ಸೆಳೆತ ಇದ್ದರೆ ನೆರಳಿಗೆ ಕರೆತಂದು ಮಲಗಿಸಿ, ಕಾಲು ಸ್ವಲ್ಪ ಎತ್ತರದಲ್ಲಿಡಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಬೀಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಚಹಾ ಚಮಚೆ, ದೊಡ್ಡದಲ್ಲ. ಆದರೆ ಮಗು ತೊದಲಿದರೆ, ಗೊಂದಲದಲ್ಲಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಬೆವರು ಇರಬಹುದು, ಇಲ್ಲದಿರಬಹುದು, ಅದನ್ನು ನೋಡುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಅದು ಬರುವವರೆಗೂ ಮೈಮೇಲೆ ನೀರು ಸುರಿಯುತ್ತಾ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆ ಬಟ್ಟೆ ಒತ್ತುತ್ತಾ ಇರಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಇದನ್ನು ಮಕ್ಕಳಿಗೂ ಕಲಿಸಿ, ನಾಟಕ ಮಾಡಿಸಿ. ಮೈದಾನದಲ್ಲಿ ಗೆಳೆಯ ಬಿದ್ದಾಗ ಮೊದಲು ನೋಡುವವರು ಅವರೇ.

ಹೇಳಬಾರದ ಒಂದು ಮಾತು

ಬಿಸಿಲಿಗೆ ಹೋದರೆ ಕಪ್ಪಾಗ್ತೀ ಅನ್ನುವ ಮಾತನ್ನು ಸುರಕ್ಷತೆಯ ಪಾಠದಲ್ಲಿ ದಯವಿಟ್ಟು ಬಳಸಬೇಡಿ. ತರಗತಿಯಲ್ಲಿ ಕಪ್ಪು ಮೈಬಣ್ಣದ ಮಕ್ಕಳು ಕೂತಿರುತ್ತಾರೆ, ಅವರಿಗೆ ಇದು ಬೇರೆಯೇ ಪಾಠ ಕಲಿಸುತ್ತದೆ. ಕಪ್ಪಾಗುವುದು ರೋಗವಲ್ಲ, ಯುವಿಯಿಂದ ಕಾಯಲು ಚರ್ಮ ಮೆಲನಿನ್ ತಯಾರಿಸುತ್ತದೆ ಅಷ್ಟೇ. ಕಪ್ಪು ಚರ್ಮಕ್ಕೆ ಆ ರಕ್ಷಣೆ ಮೊದಲೇ ಜಾಸ್ತಿ ಇದೆ. ಆದರೆ ಕಣ್ಣಿಗೆ ಮತ್ತು ಸೆಕೆಗೆ ಮೈಬಣ್ಣದ ಭೇದ ಇಲ್ಲ. ಹುಟ್ಟಿನಿಂದಲೇ ಚರ್ಮ-ಕೂದಲು ಬೆಳ್ಳಗಿರುವ ಮಗು ನಿಮ್ಮ ಶಾಲೆಯಲ್ಲಿದ್ದರೆ ಅದರ ದೇಹದಲ್ಲಿ ಮೆಲನಿನ್ ಬಹಳ ಕಡಿಮೆ. ಆ ಮಗುವಿಗೆ ಮಾತ್ರ ಸನ್‌ಸ್ಕ್ರೀನ್, ಉದ್ದ ತೋಳು, ತಂಪು ಕನ್ನಡಕ, ಟೋಪಿ ಕಡ್ಡಾಯ. ಬೋರ್ಡ್ ಕಾಣಲು ಮುಂದಿನ ಬೆಂಚು ಕೊಡಿ, ಆಟವನ್ನು ನೆರಳಲ್ಲಿ ಇಡಿ, ಆದರೆ ಆಟದಿಂದ ಹೊರಗೆ ಇಡಬೇಡಿ.

ಸೂರ್ಯನ ಮೇಲೆ ಹೆದರಿಕೆಯೂ ಹುಟ್ಟಬಾರದು. ವಿಟಮಿನ್ ಡಿ ತಯಾರಾಗುವುದು ಇದೇ ಯುವಿಯಿಂದ. ಕಿಟಕಿ ಗಾಜಿನ ಹಿಂದೆ ಕೂತರೆ ಸಿಗುವುದಿಲ್ಲ, ಅದಕ್ಕೆ ಬೇಕಾದ ಯುವಿ-ಬಿ ಗಾಜಿನಲ್ಲಿ ತಡೆದುಹೋಗುತ್ತದೆ. ನಡೆದು ಶಾಲೆಗೆ ಬರುವ, ಬಯಲಲ್ಲಿ ಆಡುವ ಮಗುವಿಗೆ ಇದಕ್ಕಾಗಿ ಬೇರೆ ಬಿಸಿಲು ಕಾಯಿಸಬೇಕಿಲ್ಲ.

ಅಜ್ಜಿಗೆ ಕೇಳಬೇಕಾದ ಪ್ರಶ್ನೆ

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ದಾರಿ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರು ಹಾದುಹೋಯಿತು. ನಡುಮಧ್ಯಾಹ್ನ ದಾಟಿದ ಮೇಲೆ ಹಗಲಲ್ಲೇ ಕತ್ತಲಾಯಿತು. 55-60 ದಾಟಿದ ಯಾರನ್ನೇ ಕೇಳಿದರೂ ಆ ದಿನದ ನೆನಪಿರುತ್ತದೆ. ಬಹಳ ಜನ ಬಾಗಿಲು ಹಾಕಿಕೊಂಡು ಒಳಗಿದ್ದರು. ಅವತ್ತು ಎಲ್ಲಿದ್ದಿರಿ, ಏನು ನೋಡಿದಿರಿ, ಹಕ್ಕಿಗಳು, ದನಕರು ಏನು ಮಾಡಿದವು, ಇಷ್ಟು ಕೇಳಿ ಬರೆದು ತರಲಿ. ಮನೆಯ ನಂಬಿಕೆಯನ್ನು ಹೀಯಾಳಿಸಬೇಡಿ. ಗ್ರಹಣದ ದಿನ ಸೂರ್ಯನಿಂದ ವಿಶೇಷ ವಿಷವೇನೂ ಬರುವುದಿಲ್ಲ, ಆದರೆ ಬೆಳಕು ಮಂದವಾಗಿದೆ ಅಂತ ದಿಟ್ಟಿಸಿ ನೋಡಿದರೆ ಕಣ್ಣು ಹೋಗಬಹುದು, ಎಚ್ಚರಿಕೆಯ ನಿಜವಾದ ಕಾರಣ ಇದು ಅಂತ ಹೇಳಿದರೆ ಸಾಕು.

ತಟ್ಟೆಯಲ್ಲಿ ಸಗಣಿ ನೀರು, ಅರಿಶಿನ ನೀರು ಇಟ್ಟು ಬಿಂಬ ನೋಡುವ ರೂಢಿ ನಮ್ಮಲ್ಲಿದೆ. ಲೆಕ್ಕ ಹಾಕಿಸಿ. ಮೇಲಿಂದ ಬಿದ್ದ ಬೆಳಕಿನ ನೂರರಲ್ಲಿ ಎರಡು ಪಾಲನ್ನು ನೀರು ವಾಪಸ್ ಕಳಿಸುತ್ತದೆ, ಅಂದರೆ ಲಕ್ಷಕ್ಕೆ ಎರಡು ಸಾವಿರ ಪಾಲು. ಬಿಸಿಲು ಓರೆಯಾದಷ್ಟೂ ಇನ್ನೂ ಜಾಸ್ತಿ. ಐಎಸ್‌ಒ 12312-2 ಗುರುತಿರುವ ಗ್ರಹಣದ ಕನ್ನಡಕ ಬಿಡುವುದು ಲಕ್ಷಕ್ಕೆ ಸುಮಾರು ಮೂರು ಪಾಲಿಗಿಂತ ಕಡಿಮೆ. ಹಾಗಾಗಿ ನೀರಿನ ಬಿಂಬ ನೋಡುವುದೂ ಸುರಕ್ಷಿತ ಅಲ್ಲ. ಎಕ್ಸ್-ರೇ ಫಿಲ್ಮ್, ಮಸಿ ಹಿಡಿದ ಗಾಜು, ತಂಪು ಕನ್ನಡಕ ಯಾವುದೂ ಸಾಲದು.

2027ರ ಆಗಸ್ಟ್ 2, ಸೋಮವಾರ ಸಂಜೆ ಹೊತ್ತಿಗೆ ನಮ್ಮಲ್ಲಿ ಪಾರ್ಶ್ವ ಗ್ರಹಣ ಇದೆ. ಆಗಸ್ಟ್ ಆದ್ದರಿಂದ ಮೋಡದ ಆಟ ಇದ್ದೇ ಇರುತ್ತದೆ, ಆದರೂ ತಯಾರಿ ಮಾಡಿಟ್ಟುಕೊಳ್ಳಿ. ಕನ್ನಡಕಗಳನ್ನು ತಿಂಗಳ ಮೊದಲೇ ತರಿಸಿ, ಪ್ರತಿಯೊಂದನ್ನೂ ದೀಪದ ಮುಂದೆ ಹಿಡಿದು ಗೀರು-ತೂತು ಇದೆಯಾ ನೋಡಿ, ಗೀರಿದ್ದುದನ್ನು ಕತ್ತರಿಸಿ ಎಸೆಯಿರಿ. ಕನ್ನಡಕ ಸಾಲದಿದ್ದರೆ ಪಿನ್ನಿನ ತೂತಿನ ರಟ್ಟು ಇದ್ದೇ ಇದೆ, ಅಡುಗೆಮನೆಯ ಜರಡಿಯೂ ಆಗುತ್ತದೆ. ಬಿಸಿಲು ಬಿದ್ದ ಗೋಡೆಯ ಎದುರು ಜರಡಿ ಹಿಡಿದರೆ ಪ್ರತಿ ತೂತಿಗೂ ಒಂದೊಂದು ಕಚ್ಚಿದ ಸೂರ್ಯ ಬೀಳುತ್ತಾನೆ, ಶಾಲೆಯ ಎಲ್ಲ ಮಕ್ಕಳೂ ಒಟ್ಟಿಗೆ ನೋಡಬಹುದು.